ಬಾಯಿಲ್ಲದ ಏಲಿಯನ್, ಮಾತಿಲ್ಲದ ಅಪ್ಪ

"ನಿಲ್ಸಿ. ಈ ಮಾತು ಯಾರದ್ದು?"

ಡಬ್ಬಿಂಗ್ ಸ್ಟುಡಿಯೋದಲ್ಲಿ ಸಾಲು ಹೇಳಿ ಮುಗಿಸಿದವಳೇ ಅವಳು ಹೆಡ್‌ಫೋನ್ ಕಿತ್ತಿಟ್ಟಳು. ಪರದೆಯ ಮೇಲೆ, ಭೂಮಿಗೆ ದಾಳಿ ಇಟ್ಟ ಏಲಿಯನ್ ಅರ್ಧ ಎತ್ತಿದ ಕೈಯಲ್ಲೇ ನಿಂತುಬಿಟ್ಟಿತು.

ಗಾಜಿನ ಆಚೆ ಡೈಲಾಗ್ ಬರೆಯುವವನಿದ್ದ. ಎಷ್ಟೋ ಸಿನಿಮಾಗಳಲ್ಲಿ ಅವನು ಬರೆದದ್ದನ್ನು ಅವಳು ಮನಸಾರೆ ಹೇಳಿದ್ದಳು. ಮುಖ ನೋಡಿದ್ದು ಇವತ್ತೇ.

"ಏಲಿಯನ್‌ದು ಮೇಡಂ. ಒರಿಜಿನಲ್‌ನಲ್ಲಿ ಬರೀ ಗೊರಗೊರ ಅನ್ನುತ್ತೆ. ಬಾಯೇ ಇಲ್ಲ ಪಾಪ, ನಾವು ಏನು ಹೇಳಿಸಿದ್ರೂ ನಡಿಯುತ್ತೆ."

ಆ ಮಾತು ಹೀಗಿತ್ತು: 'ಮೇಲಿಂದ ಇಳಿದು ಬಂದವನಿಗೆ ಮೊದಲು ಗುಂಡು ಹೊಡೀತೀರಿ. ಯಾಕಪ್ಪಾ ಬಂದೆ ಅಂತ ಒಬ್ಬರೂ ಕೇಳಲ್ಲ. ದೇವರು ಬಂದ್ರೂ ಇಷ್ಟೇ.'

ಅಪ್ಪನ ಮಾತು... ಅಕ್ಷರಕ್ಷರವೂ!

ಏಲಿಯನ್ ಸಿನಿಮಾ ಬಂದರೆ ಮೊದಲ ಆಟಕ್ಕೇ ಹೋಗಿ, ವಾರದ ಪ್ರವಚನದಲ್ಲಿ ಅದನ್ನೇ ದೇವರ ಕಥೆಯಾಗಿ ಹೇಳುತ್ತಿದ್ದರು ಅಪ್ಪ. ಜನ ಬೆನ್ನ ಹಿಂದೆ 'ಏಲಿಯನ್ ಗುರುಗಳು' ಎಂದು ನಗುತ್ತಿದ್ದರು. ಪಾರ್ಶ್ವವಾಯು ಹೊಡೆದ ಮೇಲೆ ನಾಲಿಗೆ ಹೊರಳಲಿಲ್ಲ. ಕೇಳುವವರೂ ಬರಲಿಲ್ಲ. ಊರಿಗೆಲ್ಲ ಧ್ವನಿ ಕೊಡುವ ಮಗಳು ಅಪ್ಪನಿಗೆ ಮಾತ್ರ ಏನೂ ಕೊಡಲಾರದೆ ಕೂತಿದ್ದಳು.

"ನಮ್ಮಪ್ಪನ್ನ ಜೋಕರ್ ಮಾಡಿದೀರ. ಇದನ್ನ ತೆಗೀರಿ, ಇಲ್ಲಾಂದ್ರೆ ನಾನು ವಾಪಸ್ ಬರಲ್ಲ."

"ಗುರುಗಳು... ನಿಮ್ಮಪ್ಪನಾ?"

ಅವಳು ಆಗಲೇ ಬಾಗಿಲು ದಾಟಿದ್ದಳು.

ಮರುದಿನ ಅವನು ಲ್ಯಾಪ್‌ಟಾಪ್ ಹಿಡಿದು ಮನೆಗೇ ಬಂದ. ಅವಳು ಬಾಗಿಲಿಗೆ ಕೈ ಅಡ್ಡ ಹಿಡಿದರೆ, ಅವನು ತೋಳಿನ ಕೆಳಗೇ ನುಗ್ಗಿ ಅಪ್ಪನ ಕುರ್ಚಿ ಮುಂದೆ ಕೂತ.

"ಗುರುಗಳೇ, ಪ್ರವಚನದಲ್ಲಿ ಹಿಂದಿನ ಸಾಲಲ್ಲಿ ಕಿಸಕಿಸ ನಗ್ತಿದ್ದೆ ಅಂತ ಎಬ್ಬಿಸಿ ಬೈದಿದ್ರಲ್ಲ, ಅದು ನಾನೇ. ತಮಾಷೆ ನೋಡೋಕೆ ಬಂದವನು ಆಮೇಲೆ ಒಂದು ವಾರನೂ ತಪ್ಪಿಸಲಿಲ್ಲ. ನೀವು ಮಾತು ನಿಲ್ಸಿದ್ರಿ... ಯಾರಾದ್ರೂ ಹೇಳ್ಬೇಕಲ್ವಾ? ನಿಮ್ಮನ್ನ ಕೇಳದೆ ಬರೆದಿದ್ದು ತಪ್ಪು. ತಲೆ ಅಲ್ಲಾಡಿಸಿ ಸಾಕು, ಅಳಿಸಿಬಿಡ್ತೀನಿ."

ಲ್ಯಾಪ್‌ಟಾಪ್‌ನಲ್ಲಿ ಏಲಿಯನ್ ಅವಳದೇ ಧ್ವನಿಯಲ್ಲಿ ಮಾತಾಡಿತು.

ಅಪ್ಪನ ತುಟಿಯ ಒಂದು ಬದಿ ಅಲುಗಿತು. ಬಾಯಿಲ್ಲದ ಆ ಜೀವದ ಮಾತಿಗೆ, ಧ್ವನಿಯಿಲ್ಲದ ಅಪ್ಪನ ತುಟಿ ಸರಿಯಾಗಿ ಕೂಡುತ್ತಿತ್ತು.

ಮಾತು ಮುಗಿದರೂ ಅಪ್ಪನ ತುಟಿ ನಿಲ್ಲಲಿಲ್ಲ. ಬೆರಳೆತ್ತಿ ಮಗಳನ್ನು ನೋಡಿದರು.

"ಏನಂತೆ?" ಅವನು ಗಾಬರಿಯಾದ.

"ಒಂದು ಸಾಲು ಬಿಟ್ಟಿದೀರಂತೆ." ಅಪ್ಪನ ಬದಲು ಅವಳೇ ಹೇಳಿದಳು. "ಆದ್ರೂ ಅವನು ಇನ್ನೊಂದು ಸಲ ಬರ್ತಾನೆ."

ಅಪ್ಪ ಕಣ್ಣು ಮುಚ್ಚಿಕೊಂಡರು. ಕೆನ್ನೆ ಒದ್ದೆಯಾಗಿತ್ತು. ತಲೆ ಮಾತ್ರ ಅಲ್ಲಾಡಲಿಲ್ಲ.

ಹೊರಟವನ ಜೊತೆ ಬಾಗಿಲವರೆಗೆ ಅವಳೂ ಬಂದಳು. ನಿನ್ನೆ ಏನೂ ಕೇಳದೆ ಗುಂಡು ಹೊಡೆದದ್ದು ತಾನೇ ಅಲ್ಲವೇ...

"ಯಾಕಪ್ಪಾ ಬಂದೆ?" ಎಂದಳು ಮೆಲ್ಲಗೆ.

ಎಲ್ಲದಕ್ಕೂ ಡೈಲಾಗ್ ಇದ್ದವನು ಚಪ್ಪಲಿ ನೋಡುತ್ತಾ ನಿಂತ.

"ಅಳಿಸೋಕೆ... ಅಲ್ಲ... ನಿನ್ನ ಧ್ವನಿಗೆ ಬರೀತಾ ಬರೀತಾ ನಾನು..." ಮುಂದೆ ಬರೀ ಗೊರಗೊರ.

"ಬಾಯಿ ಬರ್ತಿಲ್ವಾ? ನಾನೇ ಡಬ್ ಮಾಡ್ಲಾ?"

"ಮಾಡು."

"'...ನಿನ್ನನ್ನೇ ಇಷ್ಟಪಟ್ಟೆ.' ನಂಗೂ ಅಷ್ಟೇ," ಎಂದಳು ಅವಳು.