ನೀಲಿಗಂಟೆ ಬಾಡಿದ ಮೇಲೆ ಬಂದವಳು

"ರೀ! ಆ ಹಗ್ಗ ದಾಟಬೇಡಿ!"

ಕಾಡಿನ ಬೀಚ್ ಮರಗಳ ನಡುವಿನಿಂದ ಬಂದ ಗದರಿಕೆಗೆ ರೋವೆನಾ ಎತ್ತಿದ ಕಾಲನ್ನು ಇಳಿಸದೆ ಹಾಗೇ ನಿಂತುಬಿಟ್ಟಳು.

ಆ ದನಿ... ಅವನದೇ!

ಹ್ಯಾಸೆಲ್‌ಡೀನ್ ಮಹಲಿನ ತೋಟಗಾರ ಹ್ಯೂ ಕೈಗಾಡಿ ಇಳಿಸಿ ಅವಳ ಮುಖ ನೋಡಿದ. ಅವನ ಕೆನ್ನೆ ಕೆಂಪಾಯಿತು. ಮರುಕ್ಷಣವೇ ಮುಖ ಕಲ್ಲಾಯಿತು.

"ಓ... ನೀವಾ? ತಡವಾಯ್ತು. ನೀಲಿಗಂಟೆ ಹೂವೆಲ್ಲ ಮುಗೀತು."

"ಹೌದಾ? ಪರವಾಗಿಲ್ಲ... ಸುಮ್ನೆ ಈ ಕಡೆ ಬಂದಿದ್ದೆ."

"ಸುಮ್ನೆ. ಹ್ಞೂಂ. ನಿಮ್ಮನ್ನ ತಡೆಯಲ್ಲ, ನೋಡ್ಕೊಂಡು ಹೋಗಿ."

ಗಾಡಿ ತಳ್ಳಿಕೊಂಡು ಹೋಗಿಯೇಬಿಟ್ಟ!

ರೋವೆನಾಗೆ ತಲೆಬುಡ ತಿಳಿಯಲಿಲ್ಲ. 'ನಾನೇನು ತಪ್ಪು ಮಾಡಿದೆ?'

ಮಾರ್ಚ್‌ನಲ್ಲಿ ಇದೇ ಮನುಷ್ಯ ಮಹಲಿನ ಮುಂದಿನ ಅಚ್ಚುಕಟ್ಟಾದ ತೋಟದಲ್ಲಿ ಇಡೀ ಮಧ್ಯಾಹ್ನ ಅವಳ ಜೊತೆ ಸುತ್ತಿದ್ದ. ವಿಚ್ಛೇದನದ ನಂತರ ಅವಳು ಅಷ್ಟು ನಕ್ಕಿದ್ದು ಅದೇ ಮೊದಲು. ಹೊರಡುವಾಗ ಗೇಟಿನವರೆಗೂ ಬಂದು, "ಕಾಡಲ್ಲಿ ನೀಲಿಗಂಟೆ ಅರಳಿದಾಗ ಖಂಡಿತ ಬನ್ನಿ. ನಾನೇ ತೋರಿಸ್ತೀನಿ," ಎಂದಿದ್ದ.

"ಅಯ್ಯೋ, ಖಂಡಿತ!" ಎಂದಿದ್ದಳು ಅವಳು.

ಆದರೆ ಶ್ರಾಪ್‌ಶೈರ್ ಸೀಮೆಯಲ್ಲಿ ಹಾಗೆ 'ಬನ್ನಿ' ಎಂದು ಎಲ್ಲರೂ ಮರ್ಯಾದೆಗೆ ಅನ್ನುತ್ತಾರೆ. ನಿಜವೆಂದು ನಂಬಿ ಯಾರಾದರೂ ಬಾಗಿಲು ತಟ್ಟಿದರೆ ಕರೆದವರೇ ಬೆಚ್ಚಿಬೀಳುತ್ತಾರೆ. ಅದನ್ನೇ ನೋಡಿ ಬೆಳೆದ ರೋವೆನಾ ಹೂವಿನ ಕಾಲ ಮುಗಿಯಲೆಂದೇ ಕಾದಿದ್ದಳು. ಆಮೇಲೆ ಹೋದರೆ ಅವನಿಗೆ ಮುಜುಗರವಿಲ್ಲ... ತನಗೂ ದೂರದಿಂದ ಒಮ್ಮೆ ನೋಡಿದ ಹಾಗಾಗುತ್ತದೆ!

ಈಗ ನೋಡಿದರೆ ಅವನಿಗೆ ಕೋಪ. ಯಾಕೆ?

ತೋಟದ ಚಹಾದಂಗಡಿ ನಡೆಸುವ ಡೋರೀನ್, ಸ್ಕೋನ್ ಎಂಬ ಬನ್ನಿನ ತಟ್ಟೆಯನ್ನು ಅವಳ ಮುಂದೆ ಕುಕ್ಕಿದಳು.

"ಮಾರ್ಚ್‌ನಲ್ಲಿ ಹ್ಯೂ ಜೊತೆ ಹಲ್ಲು ಬಿಟ್ಕೊಂಡು ಓಡಾಡಿದ್ದೋಳು ನೀನೇ ತಾನೆ? ಎಲ್ಲಿ ಹಾಳಾಗಿ ಹೋಗಿದ್ದೆ, ಬಂಗಾರ?"

"ನಾನಾ? ಯಾಕೆ?"

"ಹೂವಿರೋ ತನಕ ಪ್ರತಿ ಭಾನುವಾರ, ರಜ ಇದ್ರೂ ಬಂದು ಗೇಟ್ ಹತ್ರ ನಿಂತ್ಕೊಳ್ತಿದ್ದ ಕಣೇ! ಇಸ್ತ್ರಿ ಮಾಡಿದ ಶರ್ಟು! ಗಡ್ಡ ಬೇರೆ ಬೋಳಿಸ್ಕೊಂಡು! ಸ್ವಂತ ತಮ್ಮನ ಮದುವೇಲೂ ಗಡ್ಡ ಮುಟ್ಟದ ಗಂಡಸು!"

ರೋವೆನಾ ಎತ್ತಿದ ಚಹಾದ ಕಪ್ಪನ್ನು ಕೆಳಗಿಟ್ಟಳು.

"ಅವರು ಸುಮ್ನೆ ಮರ್ಯಾದೆಗೆ ಕರೆದಿದ್ದು ಅನ್ಕೊಂಡೆ..."

"ಅವನೂ ಈಗ ಅದನ್ನೇ ಹೇಳ್ತಾನೆ. ಅವಳು ಮರ್ಯಾದೆಗೆ ಹ್ಞೂಂ ಅಂದಿದ್ಲು ಅಂತ! ಇಬ್ರೂ ಆ ಮರ್ಯಾದೇನೇ ಕಟ್ಕೊಂಡು ಸಂಸಾರ ಮಾಡಿ, ಹೋಗಿ!"

ಹೋಗಲೇ? ಹೋಗಿ ಏನೆನ್ನಲಿ? ಅವನ ಮನಸ್ಸು ಆಗಲೇ ಮುರಿದಿದ್ದರೆ...? ಹೋಗದಿದ್ದರೆ ಅವನು ಇನ್ನೆಂದೂ ಕರೆಯುವುದಿಲ್ಲ. ಅದೊಂದು ಮಾತ್ರ ಖಚಿತ.

ಚಹಾ ಅಲ್ಲೇ ಬಿಟ್ಟು ಎದ್ದಳು.

ಹ್ಯೂ ಮಹಲಿನ ಮೆಟ್ಟಿಲ ಬಳಿ, ಪೊದೆಯನ್ನೇ ಕತ್ತರಿಸಿ ರೂಪ ಕೊಟ್ಟ ಹಸಿರು ನವಿಲನ್ನು ಕತ್ತರಿಯಿಂದ ಸವರುತ್ತಿದ್ದ.

"ನಾನು ಸುಮ್ನೆ ಬಂದಿದ್ದಲ್ಲ! ನಿಮ್ಮನ್ನ ನೋಡೋಕೇ ಬಂದೆ!"

ಕಚಕ್!

ನವಿಲಿನ ಕೊಕ್ಕು ಹುಲ್ಲಿನ ಮೇಲೆ ಬಿತ್ತು.

"ನೀವು ನಿಜವಾಗ್ಲೂ ಕರೆದ್ರಿ ಅಂತ ನಂಬೋಕೆ ಭಯ ಆಯ್ತು, ಹ್ಯೂ... ಬೇಡದ ಕಡೆ ಹೋಗಿ ನಿಂತ ಹಾಗಾಗತ್ತೇನೋ ಅಂತ."

ಅವನು ಕೊಕ್ಕನ್ನೆತ್ತಿ ಅಂಗೈಯಲ್ಲಿಟ್ಟುಕೊಂಡು ನೋಡಿದ. "ಇದು ಮತ್ತೆ ಬೆಳೆಯೋಕೆ ವರ್ಷಗಳೇ ಬೇಕು."

"ಅಯ್ಯೋ! ಕ್ಷಮಿಸಿ..."

"ನೀವ್ಯಾಕೆ ಕ್ಷಮೆ ಕೇಳ್ತೀರಿ? ನಾನು ಬಾಯಿಬಿಟ್ಟು ಹೇಳ್ಬೇಕಿತ್ತು. ಹೇಳ್ಲಿಲ್ಲ, ಕಾದೆ. ಆಮೇಲೆ ನಾಚಿಕೆ ಆಯ್ತು. ಅದಕ್ಕೇ ಸಿಡುಕಿದ್ದು."

ಇಬ್ಬರೂ ಆ ಬೋಳುಮೂತಿಯ ನವಿಲನ್ನೇ ನೋಡುತ್ತ ನಿಂತರು.

"ಯಾವತ್ತಾದ್ರೂ... ಊಟಕ್ಕೆ ಬನ್ನಿ," ಅವನು ತೊದಲಿದ.

"ಯಾವತ್ತಾದ್ರೂ ಅಂದ್ರೆ ನಾನು ಬರಲ್ಲ. ದಿನ ಹೇಳಿ."

"ಇವತ್ತು."

"ಎಷ್ಟು ಹೊತ್ತಿಗೆ?"

ಅವನು ಕತ್ತರಿ ಕೆಳಗಿಟ್ಟ. "ಕೈ ತೊಳ್ಕೊಂಡು ಬರೋಷ್ಟು ಹೊತ್ತು ಕೊಡ್ತೀರಾ?"

"ಇಲ್ಲ," ಎಂದು ರೋವೆನಾ ಆ ಮಣ್ಣುಗೈಯನ್ನೇ ಹಿಡಿದುಕೊಂಡಳು.