ಮಧ್ಯಾಹ್ನ ಓಡಿಹೋಗುತ್ತಿದ್ದ ಬೆಕ್ಕು

ನಮ್ಮ ಅಜ್ಜನ ಅಜ್ಜನಿಗೆ ಹಲ್ಲು ಮೂಡುವುದಕ್ಕೂ ಬಹಳ ಹಿಂದೆ, ಹೊಂಬಾಳೆದುರ್ಗ ಅಂತ ಒಂದು ರಾಜ್ಯವಿತ್ತು. ಅಲ್ಲಿನ ಜನ ಹುಲಿಗೆ ಹೆದರುತ್ತಿರಲಿಲ್ಲ, ಹಾವಿಗೆ ಹೆದರುತ್ತಿರಲಿಲ್ಲ. ಆದರೆ ಹೊರಟಾಗ ಬೆಕ್ಕೊಂದು ಅಡ್ಡ ಬಂತೋ, ಮುಗಿಯಿತು. ಮನೆಗೆ ವಾಪಸ್ಸು ಬಂದು, ಕೂತು, ಒಂದು ಗುಟುಕು ನೀರು ಕುಡಿದೇ ಮತ್ತೆ ಹೊರಡಬೇಕು. ದಂಡು ಕಟ್ಟಿಕೊಂಡು ಹೊರಟ ರಾಜನೂ ಅಷ್ಟೇ, ಆನೆ ತಿರುಗಿಸಿಕೊಂಡು ಬರುತ್ತಿದ್ದ. ನಗಬೇಡಿ, ನಿಮ್ಮ ಮನೆಯಲ್ಲೂ ಇದೆ ಈ ಪದ್ಧತಿ.

ಅಲ್ಲಿ ಸುಣ್ಣ ಸುಟ್ಟು ಬದುಕುವ ದ್ಯಾವಕ್ಕ ಅಂತ ಒಬ್ಬಳು. ಅಪ್ಪ ಅಮ್ಮ ತೀರಿಹೋಗಿದ್ದರು. ಅವಳಿಗೆ ಇದ್ದದ್ದು ಎಂಟು ವರ್ಷದ ತಂಗಿ ಸೇವಂತಿ, ಮತ್ತೆ ಬೂದಿ ಅನ್ನುವ ಬೆಕ್ಕು. ಒಂದು ದಿನ ಹೊಳೆಗೆ ಹೋಗಿ ಬಂದ ಸೇವಂತಿ ಚಾಪೆಯ ಮೇಲೆ ಮಲಗಿದವಳು ಏಳಲೇ ಇಲ್ಲ. ಕಣ್ಣು ತೆರೆದೇ ಇತ್ತು. ಮಾತಿಲ್ಲ, ಮೈ ತಣ್ಣಗೆ. ಮೂಗಿಗೆ ಹತ್ತಿ ಹಿಡಿದರೆ ಅಲುಗಿತೋ ಇಲ್ಲವೋ ಅನ್ನುವಷ್ಟು ಉಸಿರು.

ಅವತ್ತಿನಿಂದಲೇ ಬೂದಿ ಮನೆ ಬಿಟ್ಟು ಓಡತೊಡಗಿತು. ಮಧ್ಯಾಹ್ನ ಆಯಿತೆಂದರೆ ಮಾಯ. ಸಂಜೆ ಬಂದು ಸೇವಂತಿಯ ಎದೆಯ ಮೇಲೆ ಮುದುಡಿ ಮಲಗಿದರೆ ಹುಡುಗಿಯ ಕೆನ್ನೆಗೆ ತುಸು ಬಣ್ಣ ಬರುವುದು. ಮಾರನೆಯ ಮಧ್ಯಾಹ್ನ ಮೈ ಮತ್ತೆ ತಣ್ಣಗೆ, ಬೆಕ್ಕು ಮತ್ತೆ ಮಾಯ.

ದ್ಯಾವಕ್ಕ ಬಾಗಿಲು ಹಾಕಿದಳು, ಹೆಂಚಿನ ಸಂದಿಯಿಂದ ಹೋಯಿತು. ಹಗ್ಗ ಕಟ್ಟಿದಳು, ಕಡಿದುಕೊಂಡು ಹೋಯಿತು. ಪಕ್ಕದ ಮನೆಯ ಹೊನ್ನಜ್ಜಿ ಬಂದು ಹೇಳಿದಳು: "ಅಯ್ಯೋ ಮಂಕೇ, ಆ ಕೊತ್ತಿ ನಿನ್ನ ತಂಗಿ ಉಸಿರು ಕದ್ದು ಯಾರಿಗೋ ಕೊಟ್ಟು ಬರ್ತೈತೆ ಕಣೇ. ಕೂಡಿಹಾಕು!"

ದ್ಯಾವಕ್ಕ ಅದನ್ನು ಕೋಳಿ ಕುಕ್ಕೆಯಡಿ ಹಾಕಿ, ಮೇಲೆ ರುಬ್ಬುವ ಗುಂಡು ಇಟ್ಟಳು. ಬೆಕ್ಕು ದಿನವಿಡೀ ಕೂಗಿತು. ಸಂಜೆಯಾಯಿತು, ಸೇವಂತಿಯ ಕೆನ್ನೆಗೆ ಬಣ್ಣ ಬರಲಿಲ್ಲ. ಮಾರನೆಯ ಮಧ್ಯಾಹ್ನದ ಹೊತ್ತಿಗೆ ಉಗುರು ನೀಲಿ.

"ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!" ದ್ಯಾವಕ್ಕ ಹಣೆ ಚಚ್ಚಿಕೊಂಡಳು. "ಇದು ಉಸಿರು ಒಯ್ಯುತ್ತಿರಲಿಲ್ಲ, ತರುತ್ತಿತ್ತು!"

ಕುಕ್ಕೆ ಎತ್ತಿದ್ದೇ ತಡ, ಬೂದಿ ಅವಳ ಮುಖವನ್ನೂ ನೋಡದೆ ಓಡಿತು. ದ್ಯಾವಕ್ಕ ಹಿಂದೆಯೇ ಓಡಿದಳು. ಊರು ದಾಟಿತು, ಹೊಲ ದಾಟಿತು. ಸುಡುಬಿಸಿಲಲ್ಲಿ ಒಂದು ಬೋಳುಗುಡ್ಡ, ಅದರ ಮೇಲೆ ಒಂದೇ ಒಂದು ಮನೆ. ಹಕ್ಕಿಯ ಸದ್ದಿಲ್ಲ, ಗಾಳಿಯಿಲ್ಲ.

ಗುಡ್ಡದ ಬುಡದಲ್ಲಿ ಕರುವಿನಷ್ಟು ದೊಡ್ಡ ಕರಿಬೆಕ್ಕೊಂದು ಅಡ್ಡ ಬಂತು. ಅದಕ್ಕೆ ನೆರಳಿರಲಿಲ್ಲ. ದ್ಯಾವಕ್ಕನ ಕಾಲು ತಾನಾಗಿ ನಿಂತಿತು. "ಹಿಂದಿರುಗು. ಒಂದು ಗುಟುಕು ನೀರು ಕುಡಿದು ಬಾ," ಎಂದಿತು ಬೆಕ್ಕು.

"ನೀರು ಆಮೇಲೆ ಕುಡೀತೀನಿ," ಎಂದು ದ್ಯಾವಕ್ಕ ನಡೆದಳು.

ಗುಡ್ಡದ ನಡುವೆ ಬಿಳಿಬೆಕ್ಕು ಅಡ್ಡ ಬಂತು. ಅದಕ್ಕೆ ಸತ್ತ ಅಮ್ಮನ ಮುಖವಿತ್ತು. "ಮಗಳೇ, ಬೆಕ್ಕು ಅಡ್ಡ ಬಂದರೆ ಹೋಗಬಾರದು ಅಂತ ನಾನೇ ಕಲಿಸಿದ್ದಲ್ವಾ? ನನ್ನ ಮಾತು ಮೀರ್ತೀಯಾ?"

"ಕಲಿಸಿದ್ದೆ ಅಮ್ಮ. ತಂಗೀನ ನೋಡ್ಕೋ ಅಂತಲೂ ನೀನೇ ಹೇಳಿದ್ದೆ," ಎಂದು ದ್ಯಾವಕ್ಕ ಅಳುತ್ತಲೇ ನಡೆದಳು.

ಹೊಸ್ತಿಲಲ್ಲಿ ಪುಟ್ಟ ಬೆಕ್ಕೊಂದು ಅಡ್ಡ ಬಂತು. ಅದಕ್ಕೆ ಸೇವಂತಿಯ ಮುಖವಿತ್ತು, ನೀಲಿ ತುಟಿ. "ಅಕ್ಕಾ, ಇನ್ನೊಂದು ಹೆಜ್ಜೆ ಇಟ್ಟರೆ ನಾನು ಸಾಯ್ತೀನಿ."

ದ್ಯಾವಕ್ಕ ಎತ್ತಿದ ಕಾಲನ್ನು ಹಾಗೇ ನಿಲ್ಲಿಸಿದಳು. ನಿಜವಾಗಿದ್ದರೆ? ಆದರೆ ನಿಂತರೂ ಸಾವೇ ಅಲ್ಲವೇ? ಕಣ್ಣು ಮುಚ್ಚಿ ಹೆಜ್ಜೆ ಇಟ್ಟಳು. ಕಾಲಡಿ ಒಂದು ಹಿಡಿ ಕೂದಲು ಬಿಟ್ಟರೆ ಏನೂ ಇರಲಿಲ್ಲ.

ಒಳಗೆ ಗೋಡೆಯುದ್ದಕ್ಕೂ ಮಡಕೆಗಳು, ಬಾಯಿಗೆ ಬಟ್ಟೆ ಕಟ್ಟಿದವು. ಬಟ್ಟೆಗಳು ಮೆಲ್ಲಗೆ ಉಬ್ಬುತ್ತಿದ್ದವು, ಇಳಿಯುತ್ತಿದ್ದವು. ಒಂದು ಮಡಕೆಯ ಹರಕು ಬಟ್ಟೆಗೆ ಮೂತಿ ಇಟ್ಟು ಬೂದಿ ಉಸಿರು ಹೀರಿಕೊಳ್ಳುತ್ತಿತ್ತು. ಮೂಲೆಯಲ್ಲಿ ಉಂಡು ಮಲಗಿದ್ದ ಮಾಟಗಾತಿಯೊಬ್ಬಳು ಧಡಕ್ಕನೆ ಎದ್ದಳು.

"ಹೇಗೆ ಬಂದೆ? ನೂರು ವರ್ಷದಿಂದ ಈ ಮನೆಗೆ ಅಗುಳಿ ಹಾಕಿಲ್ಲ ನಾನು! ಬೆಕ್ಕು ಅಡ್ಡ ಬರಲಿಲ್ವಾ?"

"ಬಂತು. ಅದಕ್ಕೇನೋ ಕೆಲಸ ಇತ್ತು, ಹೋಯ್ತು. ನನಗೂ ಕೆಲಸ ಇತ್ತು, ಬಂದೆ," ಎಂದವಳೇ ದ್ಯಾವಕ್ಕ ಅಲ್ಲೇ ಇದ್ದ ಒನಕೆ ಎತ್ತಿ ಮಡಕೆಗಳನ್ನು ಒಡೆದಳು. ಮಕ್ಕಳ ಉಸಿರು, ಮುದುಕರ ಉಸಿರು, ಎಲ್ಲ ಬಿರುಗಾಳಿಯಾಗಿ ಊರ ಕಡೆ ಹೊರಟಿತು. ಪರರ ಉಸಿರಿನಿಂದಲೇ ಬದುಕಿದ್ದ ಮಾಟಗಾತಿ ಒಣಗಿದ ಬದನೆಕಾಯಿಯಂತೆ ಸುಕ್ಕಾಗಿ, ಕೊನೆಗೆ ಅದೂ ಉಳಿಯದೆ ಮಾಯವಾದಳು.

ಮನೆಗೆ ಬಂದರೆ ಸೇವಂತಿ ಎದ್ದು ಕೂತು ಗಂಜಿ ಕೇಳುತ್ತಿದ್ದಳು. ಅವಳ ಹಾಗೇ ಮಲಗಿದ್ದ ಮಕ್ಕಳು ಮುದುಕರೆಲ್ಲ ಎದ್ದಿದ್ದರು, ಊರೆಲ್ಲ ಹಬ್ಬ. ರಾಜನೇ ಬಂದು ಬೂದಿಗೆ ಕೆನೆ ಉಣಿಸಿದ.

ಊರು ಮಲಗಿದ ಮೇಲೆ ಸೇವಂತಿ ಕೇಳಿದಳು: "ಅಕ್ಕಾ, ಮಡಕೆಯೊಳಗೆ ಬರೀ ಕತ್ತಲು. ಬೂದಿ ಬರೋ ಸದ್ದು ಕೇಳಿದರೆ ಧೈರ್ಯ ಆಗ್ತಿತ್ತು. ಒಂದು ದಿನ ಮಾತ್ರ ಅದು ಬರಲೇ ಇಲ್ಲ. ಯಾಕೆ?"

ದ್ಯಾವಕ್ಕ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ನಾನೇ ಕೂಡಿಹಾಕಿದ್ದೆ ಕಣೇ."

ಸೇವಂತಿ ಬೂದಿಯ ಬೆನ್ನು ಸವರಿದಳು. ಆಮೇಲೆ ತನ್ನ ಮಡಿಲಲ್ಲಿದ್ದ ಬೆಕ್ಕನ್ನು ಎತ್ತಿ ಅಕ್ಕನ ಮಡಿಲಲ್ಲಿ ಇಟ್ಟಳು. ಬೂದಿ ಒಮ್ಮೆ ಗುರ್ರೆಂದಿತು, ಆದರೆ ಇಳಿದು ಹೋಗಲಿಲ್ಲ. ಅಲ್ಲಿಂದ ಮುಂದೆ ಆ ಮೂವರೂ ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿ ಬಾಳಿದರು.