ಹೆರೆಮಣೆಯ ಪೆನ್ನು

ಸೌಮ್ಯಶ್ರೀ ಪೆನ್ನಿನಿಂದ ಬರೆದು ನೋಡಲಿಲ್ಲ. ಮೂಗಿಗೆ ಹಿಡಿದಳು.

ಹಿಡಿದು ಕಣ್ಣು ಮುಚ್ಚಿದಳು. ವಿಜೇತ್ ಅವಳ ರೆಪ್ಪೆಗಳನ್ನೇ ನೋಡುತ್ತ ನಿಂತ. ಬೇರೆ ದಿನವಾಗಿದ್ದರೆ ಅಲ್ಲಿ ಕುಳಿತ ಮರದ ಹುಡಿಯನ್ನು ಊದುವ ನೆಪದಲ್ಲಿ ಹತ್ತಿರ ಹೋಗುತ್ತಿದ್ದ. ಇವತ್ತು ಕಾಲು ಏಳಲಿಲ್ಲ.

"ಘಮ ಉಂಟು," ಎಂದಳು.

"ಇಲ್ದೆ ಮತ್ತೆ? ಅಜ್ಜಿಯ ಹೆರೆಮಣೆ. ಎಷ್ಟು ತೆಂಗಿನಕಾಯಿಯ ಹಾಲು ಕುಡಿದ ಮರ ಅದು."

ಆ ಮಾತು ಅವನ ಕಿವಿಗೇ ಅಂಗಡಿಯವನ ಮಾತಿನಂತೆ ಕೇಳಿಸಿತು.

ಹೊಸಂಗಡಿಯ ಹೆದ್ದಾರಿ ಪಕ್ಕದ ಈ ಶೆಡ್ಡಿನಲ್ಲಿ ವಿಜೇತ್ ಮಂಚದ ಕಾಲು, ತೊಟ್ಟಿಲಿನ ಸರಳು ಕಡೆಯುವವನು. ಪೆನ್ನು ಅವನ ಹುಚ್ಚು. ಬೇರೆಯವರು ಮರದ ತುಂಡನ್ನು ಮ್ಯಾಂಡ್ರೆಲ್ ಎಂಬ ಕಂಬಿಗೆ ಪೋಣಿಸಿ ಲೇತಿನಲ್ಲಿ ತಿರುಗಿಸುತ್ತಾರೆ. ಕಂಬಿ ಕೂದಲೆಳೆಯಷ್ಟು ಬಾಗಿದರೂ ಪೆನ್ನು ಒಂದು ಬದಿಗೆ ದಪ್ಪವಾಗುತ್ತದೆ. ಅದಕ್ಕೇ ಅವನು ಕಂಬಿಯನ್ನೇ ಬಿಟ್ಟಿದ್ದ. ಲೇತಿನ ಆಚೆ ಒಂದು ಮೊನೆ, ಈಚೆ ಒಂದು ಮೊನೆ, ನಡುವೆ ಮರ. ಜಾರದಷ್ಟು ಮಾತ್ರ ಬಿಗಿಯಬೇಕು. ಹೆಚ್ಚಾದರೆ ಒತ್ತಡವೆಲ್ಲ ಮರಕ್ಕೇ.

ಈ ಸಲ ಹೆಚ್ಚಾಗಿತ್ತು. ಸೌಮ್ಯಶ್ರೀ ತಂದುಕೊಟ್ಟಿದ್ದ ಹಲಸಿನ ತುಂಡು, ಅವಳ ಅಜ್ಜಿ ಕಾಯಿ ತುರಿಯುತ್ತಿದ್ದ, ಈಗ ಮುರಿದ ಹೆರೆಮಣೆಯ ಒಂದು ಕಾಲು, ಟಕ್ಕೆಂದು ಉದ್ದಕ್ಕೆ ಸೀಳಿಹೋಗಿತ್ತು.

ಭಾನುವಾರ ಅವನು ಮೀಂಜದ ಅವಳ ಮನೆಗೆ ಹೆಣ್ಣು ಕೇಳಲು ಹೋಗಬೇಕು. ಲೇತಿನವನೆಂದರೆ ಅವಳ ಅಮ್ಮನಿಗೆ ಅಷ್ಟಕ್ಕಷ್ಟೆ. "ಬಾಯಿ ತೆರೆಯುವ ಮೊದಲು ಪೆನ್ನನ್ನು ಅಮ್ಮನ ಕೈಗೆ ಕೊಡು," ಎಂದಿದ್ದಳು ಸೌಮ್ಯಶ್ರೀ. "ಅಮ್ಮ ಮದುವೆಯಾಗಿ ಬಂದಲ್ಲಿಂದ ಆ ಮಣೆಯ ಮೇಲೆ ಕೂತು ಕಾಯಿ ಹೆರೆದದ್ದು. ಬೇಡ ಅನ್ಲಿಕ್ಕೆ ಬಾಯಿ ಬರ್ಲಿಕ್ಕಿಲ್ಲ."

ಅವನು ಶೆಡ್ಡಿನ ಮೂಲೆಯ ಯಾವುದೋ ಹಲಸಿನ ತುಂಡಿನಿಂದ ಬೇರೆ ಪೆನ್ನು ಕಡೆದಿದ್ದ. ತೆಂಗಿನ ವಾಸನೆಗೆಂದು ಮನೆಯಿಂದ ಎಣ್ಣೆ ತಂದು ತಿಕ್ಕಿದ್ದ.

ಸೌಮ್ಯಶ್ರೀ ಕಣ್ಣು ತೆರೆದಳು.

"ವಿಜೇತ್, ಇದು ನಿನ್ನ ತಲೆಯ ಘಮ."

"ಎಂತದು?"

"ನಿನ್ನ ಅಮ್ಮ ಒಂದೆಲಗ, ದಾಸವಾಳದ ಎಲೆ ಹಾಕಿ ಕಾಯಿಸುವ ಎಣ್ಣೆ. ಉಪ್ಪಳಕ್ಕೆ ಹೋಗುವಾಗೆಲ್ಲ ನಿನ್ನ ಹೆಲ್ಮೆಟ್ ಹಾಕ್ಕೊಳ್ಳುವವಳಿಗೆ ಗೊತ್ತಾಗುದಿಲ್ವಾ? ನಮ್ಮ ಅಜ್ಜಿ ಹೆರೆಮಣೆಗೆ ಎಣ್ಣೆ ಹಚ್ಚಿ ಮೀಯಿಸಿದ್ದು ನಾನಂತೂ ನೋಡಿಲ್ಲ ಮಾರಾಯ."

ಅವನ ಕಿವಿ ಬಿಸಿಯಾಯಿತು. ನಗಬಹುದಿತ್ತು. ಬದಲಿಗೆ ಉಳಿಗಳ ಹಿಂದಿನ ಡಬ್ಬ ತೆಗೆದು, ಸೀಳಿದ ಎರಡು ಹೋಳುಗಳನ್ನು ಅವಳ ಮುಂದಿಟ್ಟ.

"ಒಡೆದದ್ದನ್ನು ಹೇಳ್ಬಹುದಿತ್ತಲ್ಲ?"

"ನಾಚಿಕೆಯಾಯ್ತು. ನನ್ನ ಕೈಗೆ ಕಂಬಿ ಬೇಡ ಅಂತ ನಿನ್ನೆದುರು ಎಷ್ಟು ಜಂಬ ಮಾಡಿದ್ದೆ." ಹೋಳುಗಳನ್ನು ಒಂದಕ್ಕೊಂದು ಜೋಡಿಸಿ ಮತ್ತೆ ಬಿಟ್ಟ. "ಈಗ ನಾಚಿಕೆ ಅದಕ್ಕೂ ಅಲ್ಲ. ನಿನ್ನ ಅಮ್ಮನಿಗೆ ಇದನ್ನೇ ಕೊಡ್ತಿದ್ದೆ ನಾನು. ನಗ್ತಾ ಕೊಡ್ತಿದ್ದೆ. ಭಾನುವಾರ ಯಾವ ಮುಖ ಇಟ್ಕೊಂಡು ಬರ್ಲಿ? ಬರುದಿಲ್ಲ ಸೌಮ್ಯ."

ಹೊರಗೆ ಲಾರಿಯೊಂದು ಹಾದುಹೋಯಿತು. ತಗಡಿನ ಮಾಡು ಅದುರಿ ಸುಮ್ಮನಾಯಿತು.

ಸೌಮ್ಯಶ್ರೀ ಬ್ಯಾಗಿನ ಜಿಪ್ಪು ಎಳೆದಳು. ಅರ್ಧಕ್ಕೆ ನಿಲ್ಲಿಸಿದಳು. ಮತ್ತೆ ಎಳೆದು ಪೇಪರಿನಲ್ಲಿ ಸುತ್ತಿದ್ದ ಏನನ್ನೋ ಲೇತಿನ ಮೇಲಿಟ್ಟಳು. ಬಿಡಿಸಿದರೆ ಹೆರೆಮಣೆಯದೇ ಇನ್ನೊಂದು ಕಾಲು. ಕಪ್ಪಗೆ, ನುಣ್ಣಗೆ.

"ಉಳಿದ ಕಾಲುಗಳನ್ನೆಲ್ಲ ಗೆದ್ದಲು ತಿಂದಿದೆ ಅಂದಿದ್ದಿಯಲ್ಲ?"

"ಸುಳ್ಳು." ಅವಳು ಅವನನ್ನು ನೋಡದೆ ಶಾಲಿನ ಅಂಚು ಸುರುಳಿ ಸುತ್ತುತ್ತಿದ್ದಳು. ಕುತ್ತಿಗೆಯಿಂದ ಕೆನ್ನೆಯವರೆಗೆ ಕೆಂಪು ಏರಿತ್ತು. "ನೀನು ಹಾಳು ಮಾಡಿದ್ರೆ ಅಂತ ಒಂದನ್ನು ಅಡಗಿಸಿಟ್ಟೆ. ಪೆನ್ನು ಚಂದ ಆಗಿದ್ರೆ ಇದನ್ನು ತೋರಿಸಿ ತಪ್ಪಾಯ್ತು ಹೇಳುವ ಅಂತ ತಂದದ್ದು. ಮದುವೆಯಾಗುವವನ ಕೈ ನಂಬದವಳು ನಾನು. ನೀನು ಬರುದಿಲ್ಲ ಅಂದ್ರೆ ನಾನು ಮನೆಯಲ್ಲಿ ಯಾವ ಮುಖ ಇಟ್ಕೊಂಡು ಕೂರ್ಲಿ?"

ಇಬ್ಬರೂ ಮರದ ತುಂಡನ್ನೇ ನೋಡಿದರು. ಪರಸ್ಪರ ನೋಡುವುದಕ್ಕಿಂತ ಅದು ಸುಲಭವಿತ್ತು.

ವಿಜೇತ್ ತುಂಡು ಕೊಯ್ದು, ತೂತು ಕೊರೆದು, ಒಳಗೆ ಹಿತ್ತಾಳೆಯ ಕೊಳವೆ ಅಂಟಿಸಿದ. ಅಂಟು ಒಣಗುವವರೆಗೆ ಉಳಿ ಮಸೆದ. ಆಮೇಲೆ ಮರವನ್ನು ಎರಡು ಮೊನೆಗಳ ನಡುವೆ ಹಿಡಿದು, ಮೊನೆ ಬಿಗಿಸುವ ಚಕ್ರವನ್ನು ಗದ್ದದಿಂದ ತೋರಿಸಿದ.

"ನೀನೇ ಬಿಗಿ ಮಾಡು."

"ನಾನಾ? ಒಡೆದ್ರೆ?"

"ಒಡೆದ್ರೆ ಇಬ್ಬರೂ ಸೇರಿ ಒಡೆದದ್ದು."

ಅವಳು ಚಕ್ರ ತಿರುಗಿಸಿದಳು. "ಸಾಕಾ?"

"ಮರವನ್ನು ಕೈಯಲ್ಲಿ ತಿರುಗಿಸಿ ನೋಡು. ಜಾರ್ತದಾ?"

"ಚೂರು."

"ಹಾಗಾದ್ರೆ ಇನ್ನು ಚೂರು."

"ಈಗ?"

ಅವಳ ಬೆರಳುಗಳು ಇನ್ನೂ ಚಕ್ರದ ಮೇಲಿದ್ದವು. ಅವನು ತನ್ನ ಕೈಯನ್ನು ಅವುಗಳ ಮೇಲೆ ಇಟ್ಟ. ತಿರುಗಿಸಲಿಲ್ಲ. "ಸಾಕು."

ಲೇತು ಹೊರಟಿತು. ಉಳಿ ತಾಗಿದ್ದೇ ಹಳದಿ ಸುರುಳಿಗಳು ಹಾರಿ ಅವಳ ಜಡೆಗೆ ಸಿಕ್ಕಿಕೊಂಡವು. ಮರ ಬಿಸಿಯಾಗುತ್ತ ವಾಸನೆ ಎದ್ದಿತು. ಘಮವಲ್ಲ. ಹಳೆಯ ತೆಂಗಿನಕಾಯಿಯ ಕಮಟು. ವಿಜೇತ್ ಮೂಗು ಸುಕ್ಕಿಸಿದ.

ಸೌಮ್ಯಶ್ರೀ ನಗಲು ಹೊರಟು, ಕಣ್ಣೊರೆಸಿಕೊಂಡಳು. "ಇದು. ಇದು ನಮ್ಮ ಅಜ್ಜಿ."

ಪೆನ್ನು ಸಿದ್ಧವಾದಾಗ ಅವಳು ಅದನ್ನು ಅವನ ಜೇಬಿಗೆ ಸಿಕ್ಕಿಸಿದಳು. "ಭಾನುವಾರ ಬಾ. ಒಡೆದದ್ದನ್ನು ಅಮ್ಮನಿಗೆ ನೀನು ಹೇಳು. ಅಡಗಿಸಿದ್ದನ್ನು ನಾನು ಹೇಳ್ತೇನೆ."

ಅವನು ತಲೆಯಾಡಿಸಿದ. ಅಷ್ಟರಲ್ಲಿ ಅವಳು ಮೊದಲಿನ ಪೆನ್ನನ್ನು ತನ್ನ ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದುದನ್ನು ಕಂಡ.

"ಅದು ಯಾಕೆ ಮಾರಾಯ್ತಿ? ಅದು ಸುಳ್ಳು ಪೆನ್ನು."

"ಇರ್ಲಿ," ಎಂದು ಅವಳು ಜಿಪ್ಪು ಎಳೆದಳು. "ಘಮ ನಿನ್ನ ತಲೆಯದ್ದೇ ಅಲ್ವಾ."